ರಕ್ತನಾಳಗಳ ದುರಸ್ತಿ ಮತ್ತು ‘ಜನಕಕೋಶ’: ಒಂದು ವಿಮರ್ಶೆ

1

ಶಾಸ್ತ್ರದಲ್ಲಿ ಒಂದು ವಸ್ತುವಿಗೆ ಹೆಸರಿಡುವುದೆಂದರೆ ಆ ವಸ್ತುವಿನ ಪರವಾಗಿ ಮಾತು ಕೊಟ್ಟಂತೆ. ಕೊಟ್ಟ ಮಾತು ನಡೆದಿದೆಯೇ ಎಂದು ನೋಡುವುದು ವಿಮರ್ಶಕನ ಕೆಲಸ. ಕಾವ್ಯವನ್ನೂ ನಾಟಕವನ್ನೂ ಹೀಗೆ ಒರೆಗೆ ಹಚ್ಚುವ ಅಭ್ಯಾಸ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ವಿಜ್ಞಾನದ ಲೇಖನವನ್ನು ಅದೇ ಎಚ್ಚರದಿಂದ ಓದುವ ಅಭ್ಯಾಸ ಅಷ್ಟಾಗಿ ಬೆಳೆದಿಲ್ಲ. ಕಳೆದ ಕಾಲು ಶತಮಾನದಲ್ಲಿ ವಿಶೇಷವಾಗಿ ಪ್ರಚಾರಕ್ಕೆ ಬಂದಿರುವ ಒಂದು ಚಿಕಿತ್ಸೆಯನ್ನು, ಎಂದರೆ ಕೆಟ್ಟ ರಕ್ತನಾಳಗಳನ್ನು ಸರಿಪಡಿಸಲೆಂದು ‘ಪ್ರೊಜೆನಿಟರ್’ ಕೋಶಗಳನ್ನು ದೇಹದೊಳಕ್ಕೆ ಸೇರಿಸುವ ಕ್ರಮವನ್ನು, ಆ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇದನ್ನು ಬರೆಯಲು ಒದಗಿದ ಸಂದರ್ಭವನ್ನು ಮೊದಲೇ ಹೇಳುವುದು ಉಚಿತ. ತರಗತಿ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬನು ಒಂದು ಕರಪತ್ರವನ್ನು ತಂದು ನನ್ನ ಮುಂದಿಟ್ಟನು. ಅವನ ತಂದೆ ನಾಯಂಡಹಳ್ಳಿಯಲ್ಲಿ ಹಳೆಯ ಪ್ಲಾಸ್ಟಿಕ್ ಸಾಮಾನಿನ ಮೂಟೆಗಳನ್ನು ಹೊರುವವರು; ಚಿಕ್ಕಂದಿನಿಂದ ಬೀಡಿಯ ಚಟವುಳ್ಳವರು. ನೂರು ಹೆಜ್ಜೆ ನಡೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು ನಿಲ್ಲಬೇಕಾಗುತ್ತಿತ್ತು. ಬರಬರುತ್ತ ಮಲಗಿದಾಗಲೂ ಪಾದ ಉರಿಯತೊಡಗಿತು. ಕೊನೆಗೆ ಒಂದು ಬೆರಳು ಕಪ್ಪಿಟ್ಟಿತು. ಬೆರಳನ್ನು ತೆಗೆಯಬೇಕಾದೀತೆಂದು ವೈದ್ಯರು ಹೇಳಿದ್ದರು. ರೋಗಿಯ ರಕ್ತದಿಂದಲೇ ಜನಕಕೋಶಗಳನ್ನು ಬೇರ್ಪಡಿಸಿ ಕಾಲಿಗೆ ಚುಚ್ಚಿದರೆ ಅವು ಹೊಸ ರಕ್ತನಾಳಗಳಾಗಿ ಬೆಳೆಯುವುವೆಂದೂ, ನೋವು ಇಳಿಯುವುದೆಂದೂ, ಕಾಲು ಉಳಿಯುವುದೆಂದೂ ಕರಪತ್ರವು ಭರವಸೆ ಕೊಟ್ಟಿತ್ತು. ಊರಿನ ಜಮೀನನ್ನು ಮಾರಿ ಹಣ ಹೊಂದಿಸಬೇಕೆಂದು ಮನೆಯಲ್ಲಿ ಮಾತಾಗುತ್ತಿತ್ತು. ‘ಇದು ನಿಜವೇ ಸಾರ್?’ ಎಂಬುದು ಹುಡುಗನ ಪ್ರಶ್ನೆ. ಸುಳ್ಳೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವಂತಿರಲಿಲ್ಲ. ನಿಜವೆಂದು ಹೇಳುವಂತೆಯೂ ಇರಲಿಲ್ಲ. ಕರಪತ್ರದಲ್ಲಿದ್ದುದು ಮೂರು ಬೇರೆ ಬೇರೆ ಮಾತುಗಳು. ಒಂದೊಂದಕ್ಕೂ ಇರುವ ಆಧಾರ ಬೇರೆ ಬೇರೆ. ಅವನ್ನು ಬಿಡಿಸಿ ನೋಡೋಣ.

2

ರಕ್ತನಾಳ ಎಂಬುದು ಬರಿಯ ಕೊಳವೆಯಲ್ಲ. ಅದರ ಒಳಮೈಯನ್ನು ಎಂಡೋಥೀಲಿಯಂ ಎಂಬ, ಒಂದೇ ಕೋಶದಷ್ಟು ದಪ್ಪದ ಒಳಪೊರೆ ಹೊದ್ದಿರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕಾಯುವುದು, ನಾಳವನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡನ್ನು ಒದಗಿಸುವುದು, ಬಿಳಿಯ ರಕ್ತಕಣಗಳಿಗೆ ದಾರಿ ಬಿಡುವುದು ಅಥವಾ ತಡೆಯುವುದು, ಇವೆಲ್ಲವೂ ಆ ಪೊರೆಯ ಕೆಲಸ. ತಂಬಾಕಿನ ಹೊಗೆ, ಸಿಹಿಮೂತ್ರರೋಗ, ಏರಿದ ರಕ್ತದೊತ್ತಡ, ಕೊಲೆಸ್ಟೆರಾಲ್ ಇವುಗಳಿಂದ ಮೊದಲು ಕೆಡುವುದು ಇದೇ. ಪೊರೆ ಕೆಟ್ಟ ಕಡೆ ಕೊಬ್ಬು ತುಂಬಿ ನಾಳ ಕಿರಿದಾಗುತ್ತದೆ, ಕೆಲವೊಮ್ಮೆ ಮುಚ್ಚಿಯೇ ಹೋಗುತ್ತದೆ.

ಮುಖ್ಯನಾಳ ಮುಚ್ಚಿದಾಗ ದೇಹವು ಸುಮ್ಮನಿರುವುದಿಲ್ಲ. ನಮ್ಮ ಜ್ಞಾನಭಾರತಿಯಿಂದ ಮೈಸೂರು ರಸ್ತೆಗೆ ಬಂದು ನಗರದತ್ತ ಹೊರಟವರಿಗೆ ಇದನ್ನು ಸುಲಭವಾಗಿ ತಿಳಿಸಬಹುದು. ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವ ನಾಯಂಡಹಳ್ಳಿಯಲ್ಲಿ ಸಂಜೆಯ ಹೊತ್ತು ದಾರಿ ಕಟ್ಟಿಕೊಂಡರೆ ಬಲ್ಲವರು ಅಕ್ಕಪಕ್ಕದ ಓಣಿಗಳನ್ನು ಹಿಡಿಯುತ್ತಾರೆ. ದೇಹದಲ್ಲಿಯೂ ಇಂತಹ ಬಳಸುದಾರಿಗಳುಂಟು. ಆದರೆ ಇಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಗಮನಿಸಬೇಕು. ಮೊದಲೇ ಇದ್ದ ಓಣಿಯು ಹರಿವಿನ ಒತ್ತಡಕ್ಕೆ ಅಗಲವಾಗುವುದು ಒಂದು. ಆಮ್ಲಜನಕ ಸಾಲದ ಮಾಂಸಖಂಡವು ವಿ.ಇ.ಜಿ.ಎಫ್. ಎಂಬ ವರ್ಧಕ ಪ್ರೋಟೀನನ್ನು ಸ್ರವಿಸಿ, ಇರುವ ನಾಳದಿಂದಲೇ ಹೊಸ ಲೋಮನಾಳದ ಕವಲೊಡೆಯುವಂತೆ ಮಾಡುವುದು ಎರಡು. ನಾಳವೇ ಇಲ್ಲದ ಎಡೆಯಲ್ಲಿ ಬಿಡಿಕೋಶಗಳು ಕೂಡಿ ನಾಳವನ್ನು ಹೊಸದಾಗಿ ಕಟ್ಟುವುದು ಮೂರು. ಈ ಮೂರನೆಯದು ಗರ್ಭದಲ್ಲಿನ ಭ್ರೂಣದಲ್ಲಿ ಮಾತ್ರ ನಡೆಯತಕ್ಕದ್ದು, ಹುಟ್ಟಿದ ಮೇಲೆ ಇಲ್ಲ ಎಂಬುದು 1990ರ ದಶಕದವರೆಗೆ ಪಠ್ಯಪುಸ್ತಕಗಳ ಅಭಿಪ್ರಾಯವಾಗಿತ್ತು.

3

ಈ ಅಭಿಪ್ರಾಯವನ್ನು ಅಲುಗಿಸಿದುದು 1997ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಲೇಖನ. ಬಾಸ್ಟನ್ನಿನಲ್ಲಿ ಜೆಫ್ರಿ ಇಸ್ನರ್ ಅವರ ತಂಡದಲ್ಲಿದ್ದ ತಕಾಯುಕಿ ಅಸಹಾರಾ ಮತ್ತು ಸಂಗಡಿಗರು, ವಯಸ್ಕ ಮನುಷ್ಯರ ರಕ್ತದಿಂದ ಮೇಲ್ಮೈಯಲ್ಲಿ ಸಿ.ಡಿ. 34 ಎಂಬ ಗುರುತುಳ್ಳ ಕೋಶಗಳನ್ನು ಬೇರ್ಪಡಿಸಿ ಬೆಳೆಸಿದರು. ಅವು ಒಳಪೊರೆಯ ಲಕ್ಷಣಗಳನ್ನು ತಳೆದವು. ಹಿಂಗಾಲಿಗೆ ರಕ್ತ ಸಾಲದಂತೆ ಮಾಡಿದ್ದ ಪ್ರಾಣಿಗಳಿಗೆ ಚುಚ್ಚಿದಾಗ, ಹೊಸದಾಗಿ ಬೆಳೆದ ನಾಳಗಳಲ್ಲಿ ಕಾಣಿಸಿಕೊಂಡವು. ಇವಕ್ಕೆ ‘ಎಂಡೋಥೀಲಿಯಲ್ ಪ್ರೊಜೆನಿಟರ್’ ಕೋಶಗಳೆಂಬ ಹೆಸರು ರೂಢಿಗೆ ಬಂದಿತು. ಮೂಲಲೇಖನದ ಶೀರ್ಷಿಕೆಯಲ್ಲಿ ‘ಇರಬಹುದಾದ’ ಎಂಬ ಅರ್ಥದ ಎಚ್ಚರಿಕೆಯ ಮಾತು ಇತ್ತು. ಮುಂದಿನ ಬರಹಗಳಲ್ಲಿ ಹೆಸರು ಉಳಿಯಿತು, ಎಚ್ಚರಿಕೆ ಕಳಚಿಹೋಯಿತು. ಈ ಚಿಕಿತ್ಸೆಯ ಚರಿತ್ರೆಯನ್ನು ಬರೆಯುವವರು ಗಮನಿಸಬೇಕಾದ ಮೊದಲ ಸಂಗತಿ ಇದು.

‘ಪ್ರೊಜೆನಿಟರ್’ ಎಂಬುದಕ್ಕೆ ಕನ್ನಡದಲ್ಲಿ ಜನಕಕೋಶವೆನ್ನುವುದು ಸಹಜವಾಗಿ ತೋರುತ್ತದೆ. ಹಲವು ಬಗೆಯ ಕೋಶಗಳಿಗೆ ಮೂಲವಾಗಬಲ್ಲ ಆಕರಕೋಶ ಅಥವಾ ಕಾಂಡಕೋಶಕ್ಕಿಂತ ಇದರ ವ್ಯಾಪ್ತಿ ಕಿರಿದು. ಒಂದು ನಿರ್ದಿಷ್ಟ ಜಾತಿಯ ಕೋಶಗಳನ್ನು ಹುಟ್ಟಿಸುವುದಷ್ಟೆ ಇದರ ಅಧಿಕಾರ. ಹಾಗಾದರೆ ಪರೀಕ್ಷೆಯೂ ಸುಲಭ: ಜನಕನೆನಿಸಿಕೊಂಡ ಕೋಶದ ಸಂತಾನ ನಿಜವಾಗಿ ನಾಳದ ಒಳಪೊರೆಯೇ?

2003ರಲ್ಲಿ ರೆಹಮಾನ್ ಮೊದಲಾದವರು, ಈ ಹೆಸರಿನಿಂದ ಬೆಳೆಸಲಾಗುತ್ತಿದ್ದ ಕೋಶಗಳಲ್ಲಿ ಬಹುಪಾಲು ಮಾನೊಸೈಟ್ ಜಾತಿಯ ಬಿಳಿಯ ರಕ್ತಕಣಗಳೆಂದೂ, ಅವು ವರ್ಧಕ ದ್ರವ್ಯಗಳನ್ನು ಸ್ರವಿಸುತ್ತವೆಂದೂ ತೋರಿಸಿದರು. 2007ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಯೋಡರ್ ಮತ್ತು ಸಂಗಡಿಗರು ಇನ್ನೂ ಬಿಗಿಯಾದ ಪರೀಕ್ಷೆಯೊಂದನ್ನು ಮಾಡಿದರು. ಅಸ್ಥಿಮಜ್ಜೆಯ ಒಂದು ರೋಗದಲ್ಲಿ ರಕ್ತವನ್ನು ಹುಟ್ಟಿಸುವ ಕೋಶಗಳ ಒಂದು ವಂಶವಾಹಿಯಲ್ಲಿ ಮಾರ್ಪಾಟು ಇರುತ್ತದೆ. ಅದು ಮನೆತನದ ಮಚ್ಚೆ ಇದ್ದಂತೆ. ಇಂತಹ ರೋಗಿಗಳ ರಕ್ತದಿಂದ ಕೋಶಗಳನ್ನು ಬೆಳೆಸಿದಾಗ, ಕೆಲವೇ ದಿನಗಳಲ್ಲಿ ಕಾಣಿಸುವ ಪ್ರಸಿದ್ಧ ‘ಜನಕ’ ಸಮೂಹಗಳಲ್ಲಿ ಆ ಮಚ್ಚೆ ಇದ್ದಿತು. ಎಂದರೆ ಅವು ರಕ್ತಕಣಗಳ ಮನೆತನಕ್ಕೆ ಸೇರಿದವು, ನಾಳದ ಮನೆತನಕ್ಕಲ್ಲ. ವಾರಗಳ ಅನಂತರ ತಡವಾಗಿ ಮೂಡುವ, ಬಹು ವಿರಳವಾದ ಎರಡನೆಯ ಬಗೆಯ ಸಮೂಹಗಳಲ್ಲಿ ಮಚ್ಚೆ ಇರಲಿಲ್ಲ. ಪ್ರಾಣಿಗಳ ದೇಹದಲ್ಲಿ ರಕ್ತ ಹರಿಯುವ ನಾಳಗಳನ್ನು ಕಟ್ಟಿದವು ಈ ಎರಡನೆಯವೇ. 2017ರಲ್ಲಿ ಈ ಕ್ಷೇತ್ರದ ಹಲವರು ಕೂಡಿ ಪ್ರಕಟಿಸಿದ ಪರಿಭಾಷಾ ನಿರ್ಣಯದಲ್ಲಿ, ಹಳೆಯ ಒಂದೇ ಹೆಸರನ್ನು ಬಿಟ್ಟು ಎರಡು ಬಗೆಗೂ ಬೇರೆ ಬೇರೆ ಹೆಸರುಗಳನ್ನು ಬಳಸಬೇಕೆಂದು ಸೂಚಿಸಲಾಯಿತು.

ರಾಮಾಯಣದ ಜನಕರಾಜನು ಸೀತೆಯನ್ನು ಹೆತ್ತವನಲ್ಲ. ನೇಗಿಲ ಸಾಲಿನಲ್ಲಿ ಸಿಕ್ಕ ಮಗುವನ್ನು ಸಾಕಿದವನು. ಮೊದಲ ಬಗೆಯ ಕೋಶಗಳಿಗೆ ‘ಜನಕ’ ಎಂಬ ಹೆಸರು ಈ ಅರ್ಥದಲ್ಲಿ ಮಾತ್ರ ಸಲ್ಲಬಹುದು. ತಾವು ನಾಳವಾಗದೆ, ವರ್ಧಕ ದ್ರವ್ಯಗಳನ್ನು ಒದಗಿಸಿ, ಅಕ್ಕಪಕ್ಕದ ನಾಳಗಳ ಬೆಳವಣಿಗೆಗೆ ಅವು ನೆರವಾಗುತ್ತವೆ. ಆದ್ದರಿಂದ ಕರಪತ್ರದ ಮೊದಲ ಮಾತು, ಚುಚ್ಚಿದ ಕೋಶಗಳೇ ನಾಳಗಳಾಗುತ್ತವೆಂಬುದು, ನಿಲ್ಲುವುದಿಲ್ಲ. ಸಾಕುವವನ ಉಪಕಾರ ಸಣ್ಣದಲ್ಲ, ನಿಜ. ಆದರೆ ಆ ಉಪಕಾರ ಎಷ್ಟೆಂಬುದನ್ನು ರೋಗಿಗಳ ಮೇಲೆ ಅಳೆದೇ ತಿಳಿಯಬೇಕು.

4

ಅಳೆಯುವ ಪ್ರಯತ್ನಗಳು ಬೇಗನೆ ಮೊದಲಾದವು. 2002ರಲ್ಲಿ ಜಪಾನಿನ ವೈದ್ಯರು ರೋಗಿಗಳ ಅಸ್ಥಿಮಜ್ಜೆಯ ಕೋಶಗಳನ್ನು ಅವರವರ ಕಾಲಿನ ಮಾಂಸಖಂಡಕ್ಕೆ ಚುಚ್ಚಿ, ನೋವು ಇಳಿಯಿತೆಂದೂ ರಕ್ತದ ಒತ್ತಡ ಸುಧಾರಿಸಿತೆಂದೂ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ರೋಗಿಗಳು ಐವತ್ತಕ್ಕಿಂತ ಕಡಮೆ. ಈ ವರದಿಯಿಂದ ಹುಟ್ಟಿದ ಉತ್ಸಾಹ ಅಷ್ಟಿಷ್ಟಲ್ಲ.

ಹದಿಮೂರು ವರ್ಷಗಳ ಅನಂತರ, 2015ರಲ್ಲಿ, ನೆದರ್ಲೆಂಡ್ಸಿನ ‘ಜುವೆಂಟಾಸ್’ ಪರೀಕ್ಷೆಯ ಫಲಿತಾಂಶ ಹೊರಬಿದ್ದಿತು. ಕಾಲಿಗೆ ರಕ್ತ ತೀರ ಕಡಮೆಯಾಗಿದ್ದ 160 ಮಂದಿಯಲ್ಲಿ ಕೆಲವರಿಗೆ ಅವರದೇ ಅಸ್ಥಿಮಜ್ಜೆಯ ಕೋಶಗಳನ್ನೂ ಉಳಿದವರಿಗೆ ಹುಸಿಮದ್ದನ್ನೂ ಧಮನಿಯ ಮೂಲಕ ಮತ್ತೆ ಮತ್ತೆ ಕೊಡಲಾಯಿತು. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ಪರೀಕ್ಷಿಸುವ ವೈದ್ಯನಿಗೂ ತಿಳಿಯದು. ಆರು ತಿಂಗಳಲ್ಲಿ ಕಾಲನ್ನೇ ಕಳೆದುಕೊಂಡವರು ಕೋಶ ಪಡೆದವರಲ್ಲಿ ಶೇಕಡ 19, ಹುಸಿಮದ್ದು ಪಡೆದವರಲ್ಲಿ ಶೇಕಡ 13. ಈ ಅಂತರ ಆಕಸ್ಮಿಕವಿರಬಹುದಾದಷ್ಟೇ. ಕೋಶಗಳಿಂದ ಹಾನಿಯಾಯಿತೆಂದು ಇದರಿಂದ ಹೇಳಲಾಗದು. ಆದರೆ ಲಾಭವಾಯಿತೆಂದಂತೂ ಹೇಳುವಂತಿಲ್ಲ. ಇನ್ನೂ ಮುಖ್ಯವಾದುದು ಬೇರೊಂದು ಸಂಗತಿ: ವಿಶ್ರಾಂತಿಯಲ್ಲಿ ಕಾಡುವ ನೋವು ಎರಡು ಗುಂಪುಗಳಲ್ಲಿಯೂ ಇಳಿಯಿತು. ಹುಸಿಮದ್ದಿನ ಗುಂಪು ಇಲ್ಲದಿದ್ದರೆ ಆ ಇಳಿಕೆಯ ಕೀರ್ತಿಯೆಲ್ಲ ಕೋಶಗಳಿಗೇ ಸಲ್ಲುತ್ತಿತ್ತು.

ಹೃದಯದ ವಿಷಯದಲ್ಲಿಯೂ ಇದೇ ಪಾಠ. ಬೇರಾವ ಚಿಕಿತ್ಸೆಗೂ ಬಗ್ಗದ ಎದೆನೋವಿನ 167 ರೋಗಿಗಳಿಗೆ ಸಿ.ಡಿ. 34 ಕೋಶಗಳನ್ನು ಹೃದಯದ ಸ್ನಾಯುವಿಗೆ ಚುಚ್ಚಿ ನೋಡಿದ ಅಮೆರಿಕದ ಪರೀಕ್ಷೆ 2011ರಲ್ಲಿ ಪ್ರಕಟವಾಯಿತು. ಹುಸಿಮದ್ದಿನವರಿಗಿಂತ ಕಡಮೆ ಪ್ರಮಾಣದ ಕೋಶ ಪಡೆದವರಲ್ಲಿ ನೋವಿನ ಸಲಗಳು ಇಳಿದವು. ಹೆಚ್ಚು ಪ್ರಮಾಣ ಪಡೆದವರಲ್ಲಿ ಅಂತರ ಅಷ್ಟು ಖಚಿತವಾಗಿರಲಿಲ್ಲ. ಇದನ್ನು ಸ್ಥಿರಪಡಿಸಬೇಕಾಗಿದ್ದ ದೊಡ್ಡ ಪರೀಕ್ಷೆಯನ್ನು 112 ರೋಗಿಗಳಾದ ಮೇಲೆ, ಹಣದ ಕಾರಣದಿಂದ, ನಡೆಸುತ್ತಿದ್ದ ಸಂಸ್ಥೆಯೇ ನಿಲ್ಲಿಸಿತು. ಪ್ರಶ್ನೆ ಹಾಗೆಯೇ ಉಳಿಯಿತು.

ಇಲ್ಲಿ ಅಧ್ಯಾಪಕರ ಗಮನಕ್ಕೆ ತರಬೇಕಾದ ವಿಮರ್ಶೆಯೊಂದುಂಟು. 2014ರಲ್ಲಿ ಲಂಡನ್ನಿನ ನೋಬರ್, ಫ್ರಾನ್ಸಿಸ್ ಮೊದಲಾದವರು, ಹೃದಯಕ್ಕೆ ಅಸ್ಥಿಮಜ್ಜೆಯ ಕೋಶಗಳನ್ನು ಕೊಟ್ಟು ನೋಡಿದ 49 ಪರೀಕ್ಷೆಗಳ ವರದಿಗಳನ್ನು ಸಾಲುಸಾಲಾಗಿ ಓದಿದರು. ಪ್ರಯೋಗಶಾಲೆಯಿಲ್ಲ, ಉಪಕರಣವಿಲ್ಲ, ಕೂಡಿಸುವ ಕಳೆಯುವ ಲೆಕ್ಕ ಮಾತ್ರ. ಒಂದು ಕಡೆ ಹೇಳಿದ ಸಂಖ್ಯೆ ಮತ್ತೊಂದು ಕಡೆ ಬದಲಾಗಿರುವುದು, ಸಾಧ್ಯವೇ ಇಲ್ಲದ ಶೇಕಡಾವಾರುಗಳು, ಹೀಗೆ 600ಕ್ಕೂ ಹೆಚ್ಚು ಅಸಾಂಗತ್ಯಗಳು ಸಿಕ್ಕವು. ಅಸಾಂಗತ್ಯ ಹೆಚ್ಚಿದಷ್ಟೂ ವರದಿಯಾದ ಲಾಭವೂ ಹೆಚ್ಚಿತ್ತು. 30ಕ್ಕಿಂತ ಹೆಚ್ಚು ಅಸಾಂಗತ್ಯಗಳಿದ್ದ ಪರೀಕ್ಷೆಗಳಲ್ಲಿ, ಹೃದಯವು ಪ್ರತಿ ಮಿಡಿತಕ್ಕೆ ಹೊರದೂಡುವ ರಕ್ತದ ಶೇಕಡಾ ಪ್ರಮಾಣವು ಸರಾಸರಿ 7.7ರಷ್ಟು ಏರಿತ್ತು, ಒಂದು ಅಸಾಂಗತ್ಯವೂ ಇಲ್ಲದವುಗಳಲ್ಲಿ 0.4ರಷ್ಟು ಇಳಿದಿತ್ತು. ಒಬ್ಬ ಬಿ.ಎಸ್‌ಸಿ. ವಿದ್ಯಾರ್ಥಿಯು ಪೆನ್ಸಿಲು ಹಿಡಿದು ಮಾಡಬಹುದಾದ ಕೆಲಸವಿದು. ಓದುವುದೂ ಒಂದು ಸಂಶೋಧನೆಯೆಂದು ನಮ್ಮ ವಿದ್ಯಾರ್ಥಿಗಳಿಗೆ ತಿಳಿಸಿಕೊಡಲು ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

5

ಈಗ ನಮ್ಮ ಊರಿನ ಮಾತಿಗೆ ಬರೋಣ. ಕೋಶಚಿಕಿತ್ಸೆಯಿಂದ ಕಾಲಿನ ರಕ್ತಪರಿಚಲನೆಯನ್ನು ಸುಧಾರಿಸುವ ಕೆಲಸದಲ್ಲಿ ಬೆಂಗಳೂರಿಗೆ ಒಂದು ಸ್ಥಾನವಿದೆ. ಮಣಿಪಾಲ ಸಮೂಹದ ಆಶ್ರಯದಲ್ಲಿ 2006ರಲ್ಲಿ ಇಲ್ಲಿ ಸ್ಥಾಪಿತವಾದ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯು, ಹಲವು ಮಂದಿ ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯಿಂದ ಪಡೆದ ಮೆಸೆಂಕೈಮಲ್ ಕೋಶಗಳನ್ನು ಒಟ್ಟುಗೂಡಿಸಿ ಬೆಳೆಸಿ, ‘ಸ್ಟೆಂಪ್ಯೂಸೆಲ್’ ಎಂಬ ಔಷಧವನ್ನು ಸಿದ್ಧಪಡಿಸಿತು. ಅದನ್ನು ಉದ್ದೇಶಿಸಿದ ರೋಗಗಳಲ್ಲಿ ಬರ್ಗರ್ ರೋಗವೂ ಒಂದು. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ವಿವರವಾಗಿ ವರ್ಣಿಸಿದ ಈ ರೋಗ ಬಹುಮಟ್ಟಿಗೆ ತಂಬಾಕು ಸೇದುವ ಹರೆಯದ ಮತ್ತು ನಡುಹರೆಯದ ಗಂಡಸರಿಗೆ ತಗಲುತ್ತದೆ. ಕೈಕಾಲುಗಳ ನಡುತರದ ಮತ್ತು ಸಣ್ಣ ನಾಳಗಳು ಉರಿಯೂತಗೊಂಡು, ಹೆಪ್ಪುಗಟ್ಟಿ ಮುಚ್ಚಿಹೋಗುತ್ತವೆ. ಜೋಡಿಸಲು ಕೆಳಗಡೆ ಒಳ್ಳೆಯ ನಾಳವೇ ಉಳಿದಿರುವುದಿಲ್ಲವಾದ್ದರಿಂದ ಶಸ್ತ್ರಚಿಕಿತ್ಸಕನಿಗೂ ದಾರಿ ಕಡಮೆ. ನಿಪ್ಪಾಣಿಯಲ್ಲಿ ತಂಬಾಕು ಬೆಳೆದು, ಮಂಗಳೂರಿನ ಕಡೆ ಬೀಡಿ ಕಟ್ಟುವ ನಮ್ಮ ನಾಡಿಗೆ ಇದು ದೂರದ ರೋಗವಲ್ಲ.

ಈ ಔಷಧದ ಎರಡು ವರದಿಗಳನ್ನು ಒಟ್ಟಿಗೆ ಇಟ್ಟು ಓದಬೇಕು. 2013ರಲ್ಲಿ ಪ್ರಕಟವಾದುದು 20 ರೋಗಿಗಳ ಸಣ್ಣ ಪರೀಕ್ಷೆ: ಹತ್ತು ಮಂದಿಗೆ ಕೋಶ, ಹತ್ತು ಮಂದಿಗೆ ಹುಸಿಮದ್ದು; ಯಾರಿಗೆ ಯಾವುದೆಂಬುದನ್ನು ಮರೆಯಾಗಿಟ್ಟದ್ದು. ಕಾಲಿನ ಹರಡಿನ ಬಳಿಯ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿ ಪಡೆಯುವ ಪ್ರಮಾಣಾಂಕವು ಕೋಶ ಪಡೆದವರಲ್ಲಿ ಹುಸಿಮದ್ದಿನವರಿಗಿಂತ ಹೆಚ್ಚಾಗಿ ಏರಿತು. ನೋವು ಮಾತ್ರ ಎರಡು ಗುಂಪುಗಳಲ್ಲಿಯೂ ಇಳಿಯಿತು. 2017ರಲ್ಲಿ ಪ್ರಕಟವಾದ ಎರಡನೆಯ ಪರೀಕ್ಷೆಯಲ್ಲಿ 90 ರೋಗಿಗಳು. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 10 ಲಕ್ಷ ಕೋಶಗಳಂತೆ 36 ಮಂದಿಗೆ, 20 ಲಕ್ಷದಂತೆ 36 ಮಂದಿಗೆ ಕೊಟ್ಟು, ಉಳಿದ 18 ಮಂದಿಗೆ ವಾಡಿಕೆಯ ಚಿಕಿತ್ಸೆಯನ್ನು ಮುಂದುವರಿಸಲಾಯಿತು. ಹೆಚ್ಚು ಪ್ರಮಾಣ ಪಡೆದವರಲ್ಲಿ ನೋವಿನ ಇಳಿಕೆಯೂ ಹುಣ್ಣು ಮಾಯುವಿಕೆಯೂ ವಾಡಿಕೆಯ ಚಿಕಿತ್ಸೆಯವರಿಗಿಂತ ಮೇಲಾಗಿದ್ದವು. ಆದರೆ ಈ ಸಲ ಗುಂಪುಗಳನ್ನು ಚೀಟಿಯೆತ್ತಿದಂತೆ ವಿಂಗಡಿಸಿರಲಿಲ್ಲ, ಮರೆಯೂ ಇರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಹುಸಿಮದ್ದಿಗೂ ಇಳಿದ ನೋವನ್ನು, ಮರೆಯಿಲ್ಲದ ಎರಡನೆಯ ಪರೀಕ್ಷೆಯಲ್ಲಿ ಔಷಧದ ಗುಣವೆಂದು ಪೂರ್ಣವಾಗಿ ಒಪ್ಪುವುದು ಕಷ್ಟ. ಪ್ರಸ್ತುತ ಲೇಖಕನ ಮುಖ್ಯ ಆಕ್ಷೇಪಣೆ ಇದೇ.

ಆಕ್ಷೇಪಣೆಯ ಜೊತೆಗೆ ನ್ಯಾಯವನ್ನೂ ಹೇಳಬೇಕು. ಈ ಕೆಲಸದಲ್ಲಿ ಕೋಶಗಳೇ ನಾಳವಾಗುತ್ತವೆಂಬ ಪ್ರತಿಜ್ಞೆಯ ಹಂಗಿಲ್ಲ. ಸ್ರವಿಸುವ ದ್ರವ್ಯಗಳ ಮೂಲಕ ನೆರವಾಗುತ್ತವೆಂಬ ವಿನಯದ ವಾದವೇ ಇದರ ತಳಹದಿ. ರೋಗವನ್ನು ಹೆಸರಿಸಿದೆ, ಪ್ರಮಾಣವನ್ನು ಹೇಳಿದೆ, ವಿಫಲವಾದ ಅಳತೆಯನ್ನೂ ಅಚ್ಚುಮಾಡಿದೆ. ಬರ್ಗರ್ ರೋಗ ವಿರಳ. ಕಾಲು ಕೊಳೆಯುತ್ತಿರುವವರನ್ನು ಸಾವಿರಗಟ್ಟಲೆ ಸೇರಿಸಿ ಪರೀಕ್ಷಿಸುವುದು ಸುಲಭವೂ ಅಲ್ಲ. ಭಾರತದ ಔಷಧ ನಿಯಂತ್ರಕರು 2016ರಲ್ಲಿ ಇದಕ್ಕೆ ಸೀಮಿತವಾದ ಅನುಮತಿಯನ್ನು, ಬಳಕೆಯ ಕಾಲದಲ್ಲಿಯೂ ಪರೀಕ್ಷೆ ಮುಂದುವರಿಯಬೇಕೆಂಬ ಕಟ್ಟಿನೊಡನೆ ಕೊಟ್ಟರು. 2020ರಲ್ಲಿ ಮಾರಾಟದ ಅನುಮತಿಯೂ ದೊರೆಯಿತು. ದೋಷವಿರುವ, ಆದರೆ ದೋಷವನ್ನು ಯಾರು ಬೇಕಾದರೂ ಎತ್ತಿ ತೋರಿಸಲು ಬರುವಂತೆ ಬರೆದ ವರದಿ ಒಂದು. ಎತ್ತಿ ತೋರಿಸಲು ಸಂಖ್ಯೆಯೇ ಇಲ್ಲದ ಕರಪತ್ರ ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

6

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಜೈವಿಕ ತಂತ್ರಜ್ಞಾನ ಇಲಾಖೆಯೊಡನೆ 2007ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಶೀರ್ಷಿಕೆಯಲ್ಲಿ ‘ಸಂಶೋಧನೆ’, ‘ಚಿಕಿತ್ಸೆ’ ಎರಡು ಪದಗಳೂ ಇದ್ದವು. 2013ರ ಪರಿಷ್ಕರಣದಲ್ಲಿ ‘ಚಿಕಿತ್ಸೆ’ ಎಂಬುದನ್ನು ಬೇಕೆಂದೇ ಕೈಬಿಡಲಾಯಿತು. 2017ರ ಆವೃತ್ತಿಯೂ ಅದೇ ಹಾದಿಯದು: ರಕ್ತಸಂಬಂಧವಾದ ಕೆಲವು ರೋಗಗಳಿಗೆ ರಕ್ತಜನಕ ಕೋಶಗಳನ್ನು ಕಸಿಮಾಡುವುದರ ಹೊರತು ಮಿಕ್ಕುದೆಲ್ಲ ಇನ್ನೂ ಪರೀಕ್ಷೆಯ ವಿಷಯ; ಒಪ್ಪಿಗೆ ಪಡೆದ ಪರೀಕ್ಷೆಯ ಚೌಕಟ್ಟಿನೊಳಗೇ ನಡೆಯತಕ್ಕದ್ದು. ಒಂದು ಪದವನ್ನು ಶೀರ್ಷಿಕೆಯಿಂದ ತೆಗೆಯುವುದು ಸಣ್ಣ ಸಂಗತಿಯೆಂದು ತೋರಬಹುದು. ಒಂದು ಎಚ್ಚರಿಕೆಯ ಮಾತು ಕಳಚಿಹೋದುದರಿಂದ ಏನೇನಾಯಿತೆಂಬುದನ್ನು ನೋಡಿದವರಿಗೆ ಹಾಗೆ ತೋರದು.

ವಿದ್ಯಾರ್ಥಿಗೆ ಕೊಟ್ಟ ಉತ್ತರವನ್ನು ಹೇಳಿ ಮುಗಿಸುತ್ತೇನೆ. ರಕ್ತದಿಂದ ತೆಗೆದ ಕೋಶಗಳು ನಾಳಗಳಾಗುತ್ತವೆಂಬುದಕ್ಕೆ ಆಧಾರವಿಲ್ಲ. ನೋವು ಇಳಿಯಬಹುದು, ಆದರೆ ಹುಸಿಮದ್ದಿನಿಂದಲೂ ಇಳಿದೀತು. ಕಾಲು ಉಳಿಯುತ್ತದೆಂಬ ಮಾತು, ಮರೆಯಿಟ್ಟು ನೋಡಿದ ದೊಡ್ಡ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಜಮೀನನ್ನು ಮಾರಬೇಡಿ; ಸರ್ಕಾರಿ ಆಸ್ಪತ್ರೆಯ ರಕ್ತನಾಳ ಶಸ್ತ್ರವೈದ್ಯರಿಗೆ ತಡಮಾಡದೆ ತೋರಿಸಿ; ಅನುಮತಿ ಪಡೆದ ಔಷಧವೋ ಪರೀಕ್ಷೆಯೋ ನಿಮ್ಮ ತಂದೆಯವರಿಗೆ ಹೊಂದುವುದೇ ಎಂಬುದನ್ನು ಅವರನ್ನೇ ಕೇಳಿ. ಎಲ್ಲಕ್ಕಿಂತ ಮೊದಲು ಬೀಡಿಯನ್ನು ಬಿಡಿಸಿ. ಬರ್ಗರ್ ರೋಗದಲ್ಲಿ ಕಾಲನ್ನು ಉಳಿಸುವ ಕ್ರಮಗಳ ಪೈಕಿ ವೈದ್ಯರೆಲ್ಲರೂ ಒಮ್ಮತದಿಂದ ಮೊದಲನೆಯದೆಂದು ಹೇಳುವುದು ತಂಬಾಕನ್ನು ಸಂಪೂರ್ಣವಾಗಿ ಬಿಡುವುದನ್ನೇ. ದಿನಕ್ಕೆ ಒಂದೆರಡು ಸೇದಿದರೂ ರೋಗ ಮುಂದುವರಿಯುತ್ತದೆ. ಇದಕ್ಕೆ ದುಡ್ಡು ಬೇಕಿಲ್ಲ, ಆದರೆ ಮೂವತ್ತು ವರ್ಷದ ಚಟವನ್ನು ಬಿಡುವುದು ಹೇಳಿದಷ್ಟು ಸುಲಭವೂ ಅಲ್ಲವೆಂಬುದನ್ನು ಮರೆಯಬಾರದು.

ಬೆರಳನ್ನು ತೆಗೆದರು. ಬೀಡಿಯನ್ನು ಬಿಟ್ಟರು. ಗಾಯ ಮಾಯಿತು; ಪಾದ ಉಳಿಯಿತು. ಜಮೀನೂ ಉಳಿಯಿತು. ಒಬ್ಬ ರೋಗಿಯಿಂದ ಸಿದ್ಧಾಂತ ಹೊರಡುವುದಿಲ್ಲವೆಂದು ಇಷ್ಟು ಹೊತ್ತು ವಾದಿಸಿದವನು ಇದನ್ನು ಸಾಕ್ಷ್ಯವೆಂದು ಮುಂದಿಡಲಾರನು. ಆದರೆ ಆ ವಿದ್ಯಾರ್ಥಿಯು ಈಗ ಯಾವ ವರದಿಯನ್ನು ತಂದರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಹೋಲಿಸಿ ನೋಡಿದ ಗುಂಪು ಯಾವುದು ಸಾರ್?’ ನಮ್ಮ ತರಗತಿಗಳಲ್ಲಿ ಈ ಪ್ರಶ್ನೆಯನ್ನು ಕೇಳುವವರು ಹೆಚ್ಚಲಿ ಎಂಬುದೇ ಈ ಲೇಖನದ ಆಶಯ.